ದೂರು ಬಂದ ಕೂಡಲೇ ಅಂಗಡಿ ಮುಚ್ಚಿಸಬೇಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಬಳ್ಳಾರಿ ಜೀನ್ಸ್ ಬಗ್ಗೆ ನಿಮ್ಮ ಪತ್ರಿಕೆ ಆಗಾಗ ಬರೆಯುತ್ತದೆ. ಕರೆಂಟ್ ಬಿಲ್ಲು, ವಾಷಿಂಗ್ ಘಟಕಗಳ ನೀರು, ಟೈಲರ್‌ಗಳ ಕೂಲಿ, ಇವೆಲ್ಲ ಬಂದಿವೆ. ಆದರೆ ಈಗ ನಮ್ಮಂಥ ಸಣ್ಣ ಘಟಕಗಳನ್ನು ಕಾಡುತ್ತಿರುವ ಇನ್ನೊಂದು ತೊಂದರೆ ಬಗ್ಗೆ ಯಾರೂ ಬರೆದಿದ್ದನ್ನು ನಾನು ನೋಡಿಲ್ಲ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಹಾಕಿ.

ವಿಷಯ ಇಷ್ಟು. ಆನ್‌ಲೈನ್ ಮಾರುಕಟ್ಟೆಯಲ್ಲಿ ನೀವು ಮಾಲು ಮಾರುತ್ತಿದ್ದೀರಿ ಅಂದುಕೊಳ್ಳಿ. ನಿಮಗೆ ಮುಖಪರಿಚಯವೂ ಇಲ್ಲದ ಯಾರೋ ಒಬ್ಬರು ‘ಇವರು ನನ್ನ ಟ್ರೇಡ್‌ಮಾರ್ಕ್ (ಮಾಲಿನ ಹೆಸರು, ಗುರುತು) ಕದ್ದಿದ್ದಾರೆ’ ಅಂತಲೋ ‘ನನ್ನ ಫೋಟೊ ಕದ್ದಿದ್ದಾರೆ’ ಅಂತಲೋ ಒಂದು ಫಾರಂ ತುಂಬಿ ಕಳಿಸಿದರೆ ಸಾಕು. ನಿಮ್ಮ ಮಾಲು ಕಾಣಿಸುವುದು ನಿಲ್ಲುತ್ತದೆ. ಇನ್ನೂ ನಾಲ್ಕು ದೂರು ಬಿದ್ದರೆ ಇಡೀ ಖಾತೆಯೇ ಬಂದ್. ದೂರು ನಿಜವೋ ಸುಳ್ಳೋ ಅಂತ ಮೊದಲು ಯಾರೂ ನೋಡಲ್ಲ. ಮೊದಲು ಬೀಗ, ಆಮೇಲೆ ವಿಚಾರಣೆ. ನಾವು ಕಳ್ಳರಲ್ಲ ಅಂತ ತೋರಿಸಿಕೊಡುವ ಕೆಲಸವೂ ನಮ್ಮದೇ.

ನಮ್ಮದು ಕೌಲ್ ಬಜಾರಿನಲ್ಲಿ ಸಣ್ಣ ಘಟಕ. ಯಜಮಾನರು ಕಟಿಂಗ್ ನೋಡುತ್ತಾರೆ. ಲೆಕ್ಕ, ಬಿಲ್ಲು, ಆನ್‌ಲೈನ್ ವ್ಯವಹಾರ ನನ್ನದು. ಅಹಮದಾಬಾದಿನಿಂದ ಡೆನಿಮ್ ಬಟ್ಟೆಯ ಥಾನು ತರಿಸುತ್ತೇವೆ. ಹೊಲಿಗೆ ಅರ್ಧ ನಮ್ಮಲ್ಲಿ, ಅರ್ಧ ಮನೆಯಲ್ಲೇ ಮಷಿನ್ ಇಟ್ಟುಕೊಂಡ ಟೈಲರ್‌ಗಳ ಹತ್ತಿರ. ಆಮೇಲೆ ಕಾಜಾ, ಬಟನ್, ವಾಷಿಂಗ್, ಇಸ್ತ್ರಿ, ಪ್ಯಾಕಿಂಗ್. ಮೊದಲು ಮಾಲೆಲ್ಲ ಹೋಲ್‌ಸೇಲ್‌ನವರಿಗೇ ಹೋಗುತ್ತಿತ್ತು. ಅವರು ಹೇಳಿದ್ದೇ ರೇಟು, ಅವರು ಕೊಟ್ಟಾಗಲೇ ದುಡ್ಡು. ಆನ್‌ಲೈನ್ ಬಂದ ಮೇಲೆ ನಮ್ಮದೇ ಹೆಸರಿನ ಲೇಬಲ್ ಹಾಕಿ ನೇರವಾಗಿ ಗಿರಾಕಿಗೆ ಮಾರುವ ದಾರಿ ಸಿಕ್ಕಿತು. ಅಸ್ಸಾಮಿನಿಂದಲೋ ಕೇರಳದಿಂದಲೋ ಆರ್ಡರ್ ಬಂದರೆ ಆ ಊರು ಎಲ್ಲಿದೆ ಅಂತ ನಮ್ಮ ಟೈಲರ್‌ಗಳೇ ಮೊಬೈಲಿನಲ್ಲಿ ಹುಡುಕಿ ನೋಡುತ್ತಿದ್ದರು. ಹಾಗಾಗಿ ಆನ್‌ಲೈನ್ ಮಾರಾಟವೇ ಬೇಡ ಅಂತ ನಾನು ಹೇಳುತ್ತಿಲ್ಲ. ಅದು ನಮಗೆ ಅನ್ನ ಕೊಟ್ಟಿದೆ. ಅದಕ್ಕೇ ಈ ವ್ಯವಸ್ಥೆ ಸರಿಹೋಗಬೇಕು ಅಂತ ಇಷ್ಟು ಹಟ.

ನಮ್ಮ ಮೇಲೆ ಬಂದ ದೂರು ಫೋಟೊ ಬಗ್ಗೆ. ದಸರಾ ಮುಗಿದು ದೀಪಾವಳಿ ವ್ಯಾಪಾರ ಶುರುವಾಗುವ ಹೊತ್ತಿಗೆ ಆನ್‌ಲೈನ್ ಕಂಪನಿಯಿಂದ ಮೇಲ್ ಬಂತು. ನಮ್ಮ ಪ್ಯಾಂಟಿನ ಫೋಟೊಗಳು ಬೇರೆ ಊರಿನ ಇನ್ನೊಬ್ಬ ಮಾರಾಟಗಾರರ ಸ್ವತ್ತಂತೆ. ನಾವು ಕಾಪಿರೈಟ್ ಉಲ್ಲಂಘನೆ ಮಾಡಿದ್ದೇವಂತೆ. ಅವರ ಅಂಗಡಿ ತೆರೆದು ನೋಡಿದೆ. ನನ್ನದೇ ಫೋಟೊಗಳು ಅಲ್ಲಿದ್ದವು. ಪ್ಯಾಂಟು ನಮ್ಮದಕ್ಕಿಂತ ತೆಳು ಬಟ್ಟೆಯದು, ರೇಟು ನಮಗಿಂತ ಕಡಿಮೆ.

ಅವು ನನ್ನವೇ ಅಂತ ಹೇಗೆ ಹೇಳುತ್ತೇನೆ ಅಂದರೆ, ನಮ್ಮ ಕಟಿಂಗ್ ಮೇಜಿನ ಒಂದು ಮೂಲೆಯಲ್ಲಿ ಸನ್‌ಮೈಕಾ ಎದ್ದು ಒಳಗಿನ ಮರ ಕಾಣುತ್ತದೆ. ಅದರ ಪಕ್ಕ ಮಷಿನ್ ಎಣ್ಣೆ ಬಿದ್ದ ಒಂದು ಕಪ್ಪು ಕಲೆ ಇದೆ, ಎಷ್ಟು ಉಜ್ಜಿದರೂ ಹೋಗಿಲ್ಲ. ಹಿಂಬದಿ ಜೇಬಿನ ಹೊಲಿಗೆ ಹತ್ತಿರದಿಂದ ಕಾಣಲಿ ಅಂತ ಆ ಮೇಜಿನ ಮೇಲೆ ಪ್ಯಾಂಟು ಹರಡಿ, ಕಿಟಕಿ ಬೆಳಕಿನಲ್ಲಿ ನಾನು ತೆಗೆದ ಫೋಟೊ ಅದು. ಅವರ ಅಂಗಡಿಯಲ್ಲಿ ಹಾಕಿದ ಫೋಟೊದಲ್ಲೂ ಕೆಳಗಡೆ ಎಡಕ್ಕೆ ಅದೇ ಎದ್ದ ಸನ್‌ಮೈಕಾ, ಅದೇ ಕಲೆ. ಕತ್ತರಿಸಿ ಹಾಕುವಷ್ಟು ವ್ಯವಧಾನವೂ ಅವರಿಗೆ ಇರಲಿಲ್ಲ. ನಮ್ಮ ಮೇಜನ್ನೇ ತಮ್ಮ ಅಂಗಡಿಯಲ್ಲಿ ಇಟ್ಟುಕೊಂಡು, ನಮ್ಮನ್ನೇ ಕಳ್ಳರು ಅಂತ ಬರೆದುಕೊಟ್ಟಿದ್ದಾರೆ. ಕಂಪನಿ ಅದನ್ನು ನಂಬಿತು.

ಒಂದೇ ಫೋಟೊ ಸೆಟ್ಟನ್ನು ನಾವು ಬೇರೆ ಬೇರೆ ಬಣ್ಣ, ಬೇರೆ ಬೇರೆ ಸೈಜಿನ ಲಿಸ್ಟಿಂಗ್‌ಗಳಿಗೆ (ಅಂದರೆ ಒಂದೊಂದು ಮಾಲಿನ ಆನ್‌ಲೈನ್ ಪುಟಕ್ಕೆ) ಹಾಕಿದ್ದೆವು. ಎಲ್ಲರೂ ಹಾಗೇ ಮಾಡುತ್ತಾರೆ. ದೂರು ಕೊಟ್ಟವರು ಪ್ರತಿ ಲಿಸ್ಟಿಂಗಿನ ಮೇಲೂ ಬೇರೆ ಬೇರೆ ದೂರು ಹಾಕಿದರು. ಕಂಪ್ಯೂಟರ್ ಅದನ್ನು ಬೇರೆ ಬೇರೆ ಅಪರಾಧ ಅಂತ ಲೆಕ್ಕ ಹಿಡಿಯಿತು. ‘ಪದೇ ಪದೇ ಉಲ್ಲಂಘನೆ’ ಅಂತ ಖಾತೆಯನ್ನೇ ಸಸ್ಪೆಂಡ್ ಮಾಡಿತು. ಯಾವ ಫೋಟೊಗೂ ಸಂಬಂಧವಿಲ್ಲದ ಮಕ್ಕಳ ಪ್ಯಾಂಟು, ಜಾಕೆಟ್ಟು ಎಲ್ಲವೂ ಅದರ ಜೊತೆ ಮುಳುಗಿದವು.

ಈಗ ಅಪೀಲಿನ ಕಥೆ ಕೇಳಿ. ನನ್ನ ಪ್ರಕಾರ ಇಡೀ ವ್ಯವಸ್ಥೆಯಲ್ಲಿ ಅತಿ ದೊಡ್ಡ ಅನ್ಯಾಯ ಇರುವುದು ಇಲ್ಲೇ. ಅಪೀಲು ಫಾರಂನಲ್ಲಿ ಮೂರು ಪ್ರಶ್ನೆ. ಉಲ್ಲಂಘನೆ ಆಗಲು ಕಾರಣ ಏನು? ಸರಿಪಡಿಸಲು ಏನು ಮಾಡಿದಿರಿ? ಮುಂದೆ ಹೀಗಾಗದಂತೆ ಏನು ಮಾಡುತ್ತೀರಿ? ಅಷ್ಟೇ. ‘ನಾನು ಉಲ್ಲಂಘನೆ ಮಾಡಿಯೇ ಇಲ್ಲ’ ಅಂತ ಬರೆಯಲು ಜಾಗವೇ ಇಲ್ಲ. ಕೋರ್ಟಿನಲ್ಲಿ ಕೊಲೆ ಆರೋಪಿಯನ್ನೂ ಮೊದಲು ‘ತಪ್ಪು ಒಪ್ಪಿಕೊಳ್ಳುತ್ತೀಯಾ’ ಅಂತ ಕೇಳುತ್ತಾರೆ, ಇಲ್ಲ ಅನ್ನುವ ಹಕ್ಕು ಅವನಿಗಿದೆ. ಪ್ಯಾಂಟು ಮಾರುವ ನಮಗೆ ಅದೂ ಇಲ್ಲ. ನಾನು ಮೊದಲ ಬಾಕ್ಸಿನಲ್ಲೇ ‘ಫೋಟೊ ನಮ್ಮದು, ಉಲ್ಲಂಘನೆ ಆಗಿಲ್ಲ’ ಅಂತ ಬರೆದು ಮೂಲ ಫೈಲು ಲಗತ್ತಿಸಿದೆ. ಅದರಲ್ಲಿ ತೆಗೆದ ತಾರೀಖು, ಮೊಬೈಲಿನ ಮಾಡೆಲ್ಲು ಎಲ್ಲ ಇರುತ್ತದೆ. ಅದೇ ದಿನ ಅದೇ ಮೇಜಿನ ಮೇಲೆ ಬೇರೆ ಕಡೆಯಿಂದ ತೆಗೆದ ಫೋಟೊಗಳನ್ನೂ ಕಳಿಸಿದೆ. ಬಂದ ಉತ್ತರ: ‘ನೀವು ಕೊಟ್ಟ ಮಾಹಿತಿ ಸಾಕಾಗುವುದಿಲ್ಲ.’ ಯಾವುದು ಸಾಕಾಗಲ್ಲ, ಇನ್ನೇನು ಬೇಕು ಅಂತ ಒಂದಕ್ಷರ ಇಲ್ಲ. ಮತ್ತೆ ಬರೆದೆ. ಅದೇ ವಾಕ್ಯ, ಅದೇ ಪೂರ್ಣವಿರಾಮ.

ಖಾತೆ ಬಿಡಿಸಿಕೊಡುತ್ತೇವೆ ಅನ್ನುವ ಏಜೆಂಟರು ಈಗ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರು ಹೇಳುವುದು ಒಂದೇ ಮಾತು: ‘ಅಕ್ಕಾ, ತಪ್ಪಾಯ್ತು ಅಂತ ಬರೆದುಬಿಡಿ, ಬೇಗ ಓಪನ್ ಆಗುತ್ತೆ.’ ಬಹಳ ಜನ ಹಾಗೇ ಬರೆದಿದ್ದಾರೆ, ನಾನು ಅವರನ್ನು ಬೈಯಲ್ಲ. ಮನೆ ನಡೆಯಬೇಕಲ್ವಾ. ಆದರೆ ಒಮ್ಮೆ ‘ನಾನು ಕದ್ದಿದ್ದೆ’ ಅಂತ ಕೈಯಾರೆ ಬರೆದುಕೊಟ್ಟರೆ ಆ ಕಾಗದ ಕಂಪನಿಯ ಹತ್ತಿರ ಉಳಿಯುತ್ತದೆ. ನಾಳೆ ಇನ್ನೊಬ್ಬರು ದೂರು ಕೊಟ್ಟರೆ ನೀವು ಹಳೇ ಅಪರಾಧಿ. ನಿಜವಾದ ಮಾಲೀಕರು ಮುಂದೆ ಕೋರ್ಟಿಗೆ ಹೋಗಬೇಕು ಅಂದುಕೊಂಡರೂ ಆ ಒಪ್ಪಿಗೆ ಕಾಗದ ಅವರ ಕಾಲಿಗೇ ತೊಡರುತ್ತದೆ. ನಮ್ಮ ಯಜಮಾನರು ಮತ್ತು ನಾನು ಹಾಗೆ ಬರೆಯಲ್ಲ ಅಂತ ನಿರ್ಧಾರ ಮಾಡಿದೆವು.

ಬಿಲ್ಲಿನ ವಿಚಾರ ಇನ್ನೊಂದು ತಲೆನೋವು. ಅಪೀಲಿಗೆ ‘ಈ ಮಾಲು ಯಾರಿಂದ ಕೊಂಡಿರಿ, ಅದರ ಇನ್ವಾಯ್ಸ್ ಕೊಡಿ, ಬ್ರ್ಯಾಂಡಿನವರ ಅಧಿಕಾರ ಪತ್ರ ಕೊಡಿ’ ಅನ್ನುತ್ತಾರೆ. ಕೊಂಡು ಮಾರುವವರಿಗೆ ಇದು ಸರಿ. ನಾವು ಕೊಂಡು ಮಾರಲ್ಲ, ನಾವೇ ತಯಾರು ಮಾಡುತ್ತೇವೆ. ನಮ್ಮ ಹತ್ತಿರ ಇರುವುದು ಡೆನಿಮ್ ಥಾನಿನ ಬಿಲ್ಲು, ಅದರಲ್ಲಿ ಇರುವುದು ಮೀಟರ್ ಲೆಕ್ಕ. ಜಿಪ್ಪು, ಬಟನ್, ರಿವೆಟ್ಟಿನ ಬಿಲ್ಲು, ಅದು ಗ್ರೋಸ್ (ಹನ್ನೆರಡು ಡಜನ್) ಲೆಕ್ಕ. ವಾಷಿಂಗ್‌ನವರ ಬಿಲ್ಲು ಪೀಸ್ ಲೆಕ್ಕ, ಅದರಲ್ಲಿ ಬರೀ ‘ಪ್ಯಾಂಟ್’ ಅಂತ ಇರುತ್ತದೆ. ಟೈಲರ್‌ಗಳದ್ದು ಜಾಬ್ ವರ್ಕ್ ಚಲನ್ (ಹೊಲಿಯಲು ಕೊಟ್ಟ ಮಾಲಿನ ಚೀಟಿ), ಕೆಲವೊಮ್ಮೆ ನೋಟ್‌ಬುಕ್ಕಿನ ಹಾಳೆ. ಇಷ್ಟೆಲ್ಲ ಸೇರಿ ಒಂದು ಪ್ಯಾಂಟು ಆಗುತ್ತದೆ ಅಂತ ಬಳ್ಳಾರಿಯ ಯಾವ ಮಗುವನ್ನು ಕೇಳಿದರೂ ಹೇಳುತ್ತದೆ. ಆದರೆ ಎಲ್ಲೋ ಕೂತು ಇದನ್ನು ನೋಡುವವರಿಗೆ, ಅಥವಾ ನೋಡುವ ಕಂಪ್ಯೂಟರಿಗೆ, ‘ಬಿಲ್ಲಿನಲ್ಲಿರುವ ಹೆಸರೂ ಲಿಸ್ಟಿಂಗಿನ ಹೆಸರೂ ಹೊಂದುತ್ತಿಲ್ಲ’. ತಿರಸ್ಕಾರ. ಹೋಗಲಿ ಅಂದರೆ, ಫೋಟೊ ದೂರಿಗೂ ಬಟ್ಟೆ ಬಿಲ್ಲಿಗೂ ಏನು ಸಂಬಂಧ? ಕೇಳೋಣ ಅಂದರೆ ಫೋನ್ ಎತ್ತುವ ಮನುಷ್ಯರು ಯಾರೂ ಇಲ್ಲ.

ಈ ಮಧ್ಯೆ ಆಗಲೇ ಗಿರಾಕಿ ಕೈ ಸೇರಿದ ಮಾಲಿನ ದುಡ್ಡನ್ನೂ ಹಿಡಿದಿಟ್ಟರು. ಕಂಪನಿಯ ಗೋದಾಮಿನಲ್ಲಿದ್ದ ಸ್ಟಾಕು ಅಲ್ಲೇ. ವಾಪಸ್ ತರಿಸಿಕೊಳ್ಳಬೇಕಾದರೆ ಅದಕ್ಕೂ ನಾವೇ ಚಾರ್ಜು ಕಟ್ಟಬೇಕು. ನಮ್ಮಲ್ಲಿ ಶನಿವಾರ ಬಟವಾಡೆ. ಪೀಸ್ ಲೆಕ್ಕದ ಟೈಲರ್‌ಗಳು, ದಾರ ಕತ್ತರಿಸಿ ಮಡಚುವ ಹೆಣ್ಣುಮಕ್ಕಳು, ಎಲ್ಲರೂ ಸಂಜೆ ಚೀಟಿ ಹಿಡಿದುಕೊಂಡು ಬಾಗಿಲಲ್ಲಿ ನಿಲ್ಲುತ್ತಾರೆ. ‘ಫೋಟೊ ಬಗ್ಗೆ ದೂರು ಬಂದಿದೆ, ಅದಕ್ಕೆ ಈ ವಾರ ದುಡ್ಡಿಲ್ಲ’ ಅಂತ ಅವರಿಗೆ ಹೇಗೆ ಹೇಳುವುದು ನೀವೇ ಹೇಳಿ. ಬಂಗಾರ ಅಡವಿಟ್ಟು ಬಟವಾಡೆ ಮಾಡಿದೆವು. ನಮ್ಮ ಹತ್ತಿರ ಬಂಗಾರ ಇತ್ತು. ಇಲ್ಲದವರು ಏನು ಮಾಡಬೇಕು?

ಸರ್ಕಾರಕ್ಕೆ ಈ ವ್ಯಾಪಾರ ಕಾಣಲ್ಲ ಅಂತ ಹೇಳುವ ಹಾಗಿಲ್ಲ. ನಾವು ಮಾರುವ ಮಾಲಿನ ಮೇಲೆ ಆನ್‌ಲೈನ್ ಕಂಪನಿಯೇ ಜಿಎಸ್‌ಟಿಯ ಟಿಸಿಎಸ್ (ನಮ್ಮ ಕೈಗೆ ದುಡ್ಡು ಬರುವ ಮೊದಲೇ ಮುರಿದುಕೊಳ್ಳುವ ತೆರಿಗೆ) ಹಿಡಿದು ಸರ್ಕಾರಕ್ಕೆ ಕಟ್ಟುತ್ತದೆ. ಮೊದಲು ಒಂದು ಪರ್ಸೆಂಟ್ ಇತ್ತು, 2024ರ ಜುಲೈನಿಂದ ಅರ್ಧ ಪರ್ಸೆಂಟ್. ಆದಾಯ ತೆರಿಗೆಯ ಟಿಡಿಎಸ್ ಬೇರೆ. ಅಂದರೆ ನಮ್ಮ ಒಂದೊಂದು ರೂಪಾಯಿ ಲೆಕ್ಕವೂ ಮೇಲಿನವರೆಗೆ ಹೋಗುತ್ತದೆ. ಅಂಗಡಿ ಬಂದ್ ಆದಾಗ ಮಾತ್ರ ‘ಅದು ನಿಮಗೂ ಕಂಪನಿಗೂ ಇರುವ ಒಪ್ಪಂದ’ ಅಂತ ಕೈ ತೊಳೆದುಕೊಳ್ಳುತ್ತಾರೆ.

ಇಲ್ಲಿ ಒಂದು ಮಾತು ಸ್ಪಷ್ಟ ಮಾಡಬೇಕು. ನಕಲಿ ಮಾಲಿನ ಪರ ನಾನು ಮಾತಾಡುತ್ತಿಲ್ಲ. ದೊಡ್ಡ ಬ್ರ್ಯಾಂಡಿನ ಪಟ್ಟಿ ಅಂಟಿಸಿ ಮಾರುವವರು ಇದ್ದಾರೆ, ಅವರಿಂದ ಎಲ್ಲರಿಗೂ ಕೆಟ್ಟ ಹೆಸರು. 1999ರ ಟ್ರೇಡ್‌ಮಾರ್ಕ್ ಕಾಯ್ದೆಯಲ್ಲಿ ಅದಕ್ಕೆ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷದವರೆಗೆ ದಂಡ ಇದೆ. ಇರಲೇಬೇಕು. ಬ್ರ್ಯಾಂಡಿನವರ ಹಕ್ಕು ಬರೀ ಹೆಸರಿಗೆ ಮಾತ್ರ ಅಲ್ಲ ಅನ್ನುವುದೂ ನಮ್ಮವರಿಗೆ ಗೊತ್ತಿರಬೇಕು. ಲೀವೈಸ್ ಪ್ಯಾಂಟಿನ ಹಿಂಬದಿ ಜೇಬಿನ ಮೇಲೆ ಎರಡು ಕಮಾನಿನ ಹಾಗೆ ಹೊಲಿಗೆ ಇರುತ್ತದಲ್ಲ, ಆ ಹೊಲಿಗೆಯೇ ಅವರ ಟ್ರೇಡ್‌ಮಾರ್ಕ್. ದೆಹಲಿ ಹೈಕೋರ್ಟ್ 2022ರಲ್ಲಿ ಅದನ್ನು ಪ್ರಸಿದ್ಧ ಗುರುತು ಅಂತಲೇ ಒಪ್ಪಿಕೊಂಡಿದೆ. ಲೇಬಲ್ ನಮ್ಮದೇ ಇದ್ದರೂ ಆ ಕಮಾನು ಹಾಕಿದರೆ ತಪ್ಪು ನಮ್ಮದೇ. ನಮ್ಮ ಜೇಬಿನ ಮೇಲೆ ನಾವು ಒಂದೇ ನೇರ ಗೆರೆ ಹೊಡೆಯುವುದು ಅದಕ್ಕೇ.

ಆದರೆ ಜೀನ್ಸಿನಲ್ಲಿ ಇರುವುದೆಲ್ಲ ಯಾರದೋ ಸ್ವತ್ತಲ್ಲ. ಜೇಬಿನ ಮೂಲೆಗೆ ಹೊಡೆಯುವ ತಾಮ್ರದ ರಿವೆಟ್ಟಿಗೆ 1873ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಕೊಟ್ಟಿದ್ದರು, ಜೇಕಬ್ ಡೇವಿಸ್ ಅನ್ನುವ ಟೈಲರ್ ಮತ್ತು ಲೀವೈ ಸ್ಟ್ರಾಸ್ ಕಂಪನಿ ಸೇರಿ ಪಡೆದಿದ್ದು. ಅದು ಮುಗಿದು ನೂರು ವರ್ಷದ ಮೇಲಾಯಿತು. ಇವತ್ತು ಯಾರು ಬೇಕಾದರೂ ರಿವೆಟ್ ಹೊಡೆಯಬಹುದು. ಪೇಟೆಂಟಿಗೆ ನಮ್ಮ ದೇಶದಲ್ಲಿ 20 ವರ್ಷ ಆಯಸ್ಸು. ಡಿಸೈನ್ ನೋಂದಣಿಗೆ 10 ವರ್ಷ, ಮತ್ತೆ 5 ವರ್ಷ ಮುಂದುವರಿಸಬಹುದು. ಟ್ರೇಡ್‌ಮಾರ್ಕನ್ನು ಹತ್ತು ವರ್ಷಕ್ಕೊಮ್ಮೆ ನವೀಕರಿಸಿಕೊಂಡು ಎಷ್ಟು ಕಾಲ ಬೇಕಾದರೂ ಇಟ್ಟುಕೊಳ್ಳಬಹುದು. ಇವು ಬೇರೆ ಬೇರೆ ಹಕ್ಕು, ಬೇರೆ ಬೇರೆ ಪುರಾವೆ. ದೂರು ತೆಗೆದುಕೊಳ್ಳುವ ಕಂಪ್ಯೂಟರ್ ಇವನ್ನೆಲ್ಲ ಒಂದೇ ಚೀಲಕ್ಕೆ ಹಾಕುತ್ತದೆ. ಬಾಯಿಬಿಟ್ಟವನೇ ಮಾಲೀಕ ಅನ್ನುವ ಹಾಗಾಗಿದೆ.

ಫೋಟೊ ವಿಷಯಕ್ಕೆ ಬಂದರೆ, ನಮ್ಮ ದೇಶದಲ್ಲಿ ಕಾಪಿರೈಟಿಗೆ ನೋಂದಣಿ ಕಡ್ಡಾಯ ಅಲ್ಲ. ತನ್ನ ವ್ಯಾಪಾರಕ್ಕೆ ತಾನೇ ಫೋಟೊ ತೆಗೆದುಕೊಂಡರೆ ಅದು ತೆಗೆದವರದ್ದೇ. ಇದು ಗೊತ್ತಿದ್ದರೂ ಕಂಪನಿಯವರು ನಮ್ಮನ್ನು ನೋಂದಣಿ ಪತ್ರ ಕೇಳಿದರು. ದೂರು ಕೊಟ್ಟವರನ್ನು ಕೇಳಿದ್ದರೋ ಇಲ್ಲವೋ ಹೇಳಲಿಲ್ಲ. 2013ರ ಕಾಪಿರೈಟ್ ನಿಯಮಗಳಲ್ಲಿ 75ನೇ ನಿಯಮ ಅಂತ ಒಂದಿದೆ. ಇಂಟರ್ನೆಟ್ ಮಧ್ಯವರ್ತಿಗೆ (ಬೇರೆಯವರು ಹಾಕಿದ್ದನ್ನು ತೋರಿಸುವ ಇಂಥ ಕಂಪನಿಗೆ) ದೂರು ಕೊಡುವವರು ತಾವೇ ಮಾಲೀಕರು ಅಂತ ವಿವರ ಕೊಡಬೇಕು, ಕೋರ್ಟಿನಲ್ಲಿ ದಾವೆ ಹೂಡುತ್ತೇವೆ ಅಂತ ಬರೆದುಕೊಡಬೇಕು, 21 ದಿನದೊಳಗೆ ಕೋರ್ಟಿನ ಆದೇಶ ತರಬೇಕು, ತರದಿದ್ದರೆ ತೆಗೆದಿದ್ದನ್ನು ಮಧ್ಯವರ್ತಿ ಮತ್ತೆ ಹಾಕಬಹುದು ಅನ್ನುವುದು ಅದರ ಸಾರ. ಎಷ್ಟು ನ್ಯಾಯವಾಗಿದೆ ನೋಡಿ. ದೂರು ಕೊಡುವವರ ಮೇಲೂ ಹೊಣೆ ಇದೆ, ಗಡುವು ಇದೆ. ಆದರೆ ಕಂಪನಿಗಳು ನಡೆಯುವುದು ತಮ್ಮದೇ ಒಪ್ಪಂದದ ಪ್ರಕಾರ. ಖಾತೆ ತೆರೆಯುವಾಗ ನಾವು ಟಿಕ್ ಹಾಕಿದ ಆ ಉದ್ದನೆ ಇಂಗ್ಲಿಷ್ ಒಪ್ಪಂದದಲ್ಲಿ ‘ನಮಗೆ ಸರಿ ಕಂಡರೆ ಯಾವಾಗ ಬೇಕಾದರೂ ನಿಲ್ಲಿಸುತ್ತೇವೆ’ ಅಂತ ಇದೆ. ಟಿಕ್ ಹಾಕದಿದ್ದರೆ ಅಂಗಡಿಯೇ ಇಲ್ಲ.

ನಮ್ಮ ಖಾತೆ ಕೊನೆಗೆ ತೆರೆಯಿತು. ಹೇಗೆ ಅಂತ ಹೇಳುತ್ತೇನೆ, ಯಾರಿಗಾದರೂ ಉಪಯೋಗ ಆಗಲಿ. ಫಾರಂ ಬಿಟ್ಟು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆದೆವು. 2021ರ ಐಟಿ ನಿಯಮಗಳ ಪ್ರಕಾರ ಇಂಥ ಅಧಿಕಾರಿ ಇರಲೇಬೇಕು, ಹೆಸರು ಮತ್ತು ಸಂಪರ್ಕ ವೆಬ್‌ಸೈಟಿನಲ್ಲಿ ಹಾಕಿರಲೇಬೇಕು. 24 ಗಂಟೆಯೊಳಗೆ ದೂರು ತಲುಪಿದೆ ಅಂತ ಹೇಳಬೇಕು. ಇತ್ಯರ್ಥಕ್ಕೆ ನಿಯಮ ಬಂದಾಗ ಇಟ್ಟ ಗಡುವು 15 ದಿನ. ಆ ನಿಯಮದ ಹೆಸರು ಹೇಳಿ ಬರೆದ ಮೇಲೆ ಮೊದಲ ಸಲ ಮನುಷ್ಯರು ಬರೆದಂಥ ಉತ್ತರ ಬಂತು. ಜೊತೆಗೆ ಬಳ್ಳಾರಿಯ ವಕೀಲರೊಬ್ಬರ ಮೂಲಕ ದೂರು ಕೊಟ್ಟವರಿಗೇ ನೋಟಿಸ್ ಕಳಿಸಿದೆವು. ಸುಳ್ಳು ಹಕ್ಕು ಹೇಳಿ ಬೆದರಿಸಿದರೆ ಬೆದರಿಕೆಗೆ ಒಳಗಾದವರೇ ಕೋರ್ಟಿಗೆ ಹೋಗಿ ತಡೆ ತರಬಹುದು, ನಷ್ಟ ಕೇಳಬಹುದು. ಕಾಪಿರೈಟ್ ಕಾಯ್ದೆಯ 60ನೇ ಸೆಕ್ಷನ್ ಇದೇ. ಟ್ರೇಡ್‌ಮಾರ್ಕ್ ಕಾಯ್ದೆಯಲ್ಲಿ 142ನೇ ಸೆಕ್ಷನ್. ಮೇಜಿನ ಮೂಲೆ ಕಾಣುವ ಎರಡೂ ಫೋಟೊ ಅಕ್ಕಪಕ್ಕ ಇಟ್ಟು ನೋಟಿಸಿಗೆ ಲಗತ್ತಿಸಿದೆವು. ಅವರು ದೂರು ವಾಪಸ್ ತೆಗೆದುಕೊಂಡರು. ಖಾತೆ ತೆರೆಯಿತು.

ತೆರೆಯುವಷ್ಟರಲ್ಲಿ ದೀಪಾವಳಿ ಮುಗಿದಿತ್ತು. ಮೊದಲ ಪುಟದಲ್ಲಿ ಬರುತ್ತಿದ್ದ ನಮ್ಮ ಪ್ಯಾಂಟು ಎಲ್ಲೋ ಹಿಂದಕ್ಕೆ ಹೋಗಿತ್ತು. ನಷ್ಟಕ್ಕೆ ಯಾರೂ ಹೊಣೆ ಅಲ್ಲ. ಸುಳ್ಳು ದೂರು ಕೊಟ್ಟವರ ಖಾತೆ ಒಂದು ದಿನವೂ ನಿಲ್ಲಲಿಲ್ಲ! ನನಗೆ ಜಾಸ್ತಿ ಸಿಟ್ಟು ಬಂದಿದ್ದು ಇದಕ್ಕೇ. ಸುಳ್ಳು ದೂರು ಕೊಟ್ಟರೆ ಏನೂ ಆಗಲ್ಲ ಅಂತ ಗೊತ್ತಾದ ಮೇಲೆ ಪೈಪೋಟಿಯವರನ್ನು ಸೀಸನ್ನಿನಲ್ಲಿ ಮಲಗಿಸಲು ಇದಕ್ಕಿಂತ ಅಗ್ಗದ ದಾರಿ ಇನ್ಯಾವುದಿದೆ?

ಗಿರಾಕಿಗೆ ತೊಂದರೆ ಆದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಗ್ರಾಹಕರ ಆಯೋಗ ಜಿಲ್ಲೆಯಲ್ಲೇ ಇದೆ. 2020ರ ಇ-ಕಾಮರ್ಸ್ ನಿಯಮಗಳಲ್ಲಿ ಗಿರಾಕಿಯ ದೂರಿಗೆ 48 ಗಂಟೆಯಲ್ಲಿ ಸ್ವೀಕೃತಿ, ಒಂದು ತಿಂಗಳಲ್ಲಿ ಪರಿಹಾರ ಅಂತ ಇದೆ. ಒಳ್ಳೇದು, ನಾವೂ ಒಮ್ಮೊಮ್ಮೆ ಗಿರಾಕಿಗಳೇ. ಆದರೆ ಮಾರುವವರಿಗೆ ಅಂತಲೇ ಮಾಡಿದ್ದು ಇಂಥದ್ದು ಯಾವುದೂ ಇಲ್ಲ. ವ್ಯಾಪಾರಕ್ಕೆ ಅಂತ ಸೇವೆ ಪಡೆದವರನ್ನು ಗ್ರಾಹಕರು ಅಂತ ಸುಲಭವಾಗಿ ಒಪ್ಪಲ್ಲ. ಉಳಿದಿದ್ದು ಕೋರ್ಟು. ಹೈಕೋರ್ಟಿನವರೆಗೆ ಹೋಗಬೇಕಾದರೆ ಬಳ್ಳಾರಿ, ಕೊಪ್ಪಳದವರಿಗೆ ಧಾರವಾಡ ಪೀಠ, ರಾಯಚೂರಿನವರಿಗೆ ಕಲಬುರಗಿ. ಪ್ಯಾಂಟು ಹೊಲಿಯುವುದು ಬಿಟ್ಟು ಓಡಾಡುತ್ತಾ ಕೂರಲು ಯಾರಿಗೆ ಆಗುತ್ತದೆ?

ಬೇರೆ ಕಡೆ ಇದಕ್ಕೆ ದಾರಿ ಮಾಡಿದ್ದಾರೆ. ಯುರೋಪಿಯನ್ ಒಕ್ಕೂಟ 2019ರಲ್ಲಿ ಆನ್‌ಲೈನ್ ವೇದಿಕೆಗಳಿಗೂ ಅದರಲ್ಲಿ ಮಾರುವವರಿಗೂ ಸಂಬಂಧಿಸಿದ ಒಂದು ಕಾನೂನು ಮಾಡಿ, 2020ರ ಜುಲೈ 12ರಿಂದ ಜಾರಿಗೆ ತಂದಿದೆ. ಅಲ್ಲಿ ಮಾರಾಟಗಾರರನ್ನು ನಿಲ್ಲಿಸಬೇಕಾದರೆ ಕಾರಣವನ್ನು ಬರೆದುಕೊಡಬೇಕು. ಖಾತೆ ಪೂರ್ತಿ ಮುಚ್ಚಬೇಕಾದರೆ ಸಾಮಾನ್ಯವಾಗಿ 30 ದಿನ ಮೊದಲೇ ತಿಳಿಸಬೇಕು. ದೊಡ್ಡ ವೇದಿಕೆಗಳು ಮಾರಾಟಗಾರರ ದೂರು ಕೇಳಲು ಶುಲ್ಕ ಇಲ್ಲದ ವ್ಯವಸ್ಥೆ ಇಟ್ಟಿರಬೇಕು. ಅಲ್ಲಿ ಆಗುವುದು ಇಲ್ಲಿ ಯಾಕೆ ಆಗಬಾರದು? ನಮ್ಮ ಸಂಸದರು ಇದನ್ನು ದೆಹಲಿಯಲ್ಲಿ ಎತ್ತಬೇಕು. ಟ್ರೇಡ್‌ಮಾರ್ಕ್, ಕಾಪಿರೈಟ್, ಇವೆಲ್ಲ ವಾಣಿಜ್ಯ ಮತ್ತು ಕೈಗಾರಿಕೆ ಸಚಿವಾಲಯದ ಕೆಳಗೇ ಬರುತ್ತವೆ.

ನಾವು ಕೇಳುವುದು ಜಾಸ್ತಿ ಏನಿಲ್ಲ. ದೂರು ಯಾರು ಕೊಟ್ಟರು, ಯಾವ ಹಕ್ಕಿನ ಮೇಲೆ ಕೊಟ್ಟರು, ಪುರಾವೆ ಏನು, ಇದನ್ನು ಮೊದಲೇ ನಮಗೆ ತೋರಿಸಿ ಉತ್ತರ ಕೊಡಲು ನಾಲ್ಕು ದಿನ ಕೊಡಿ. ತೆಗೆಯಲೇಬೇಕಾದರೆ ದೂರಿರುವ ಲಿಸ್ಟಿಂಗ್ ಮಾತ್ರ ತೆಗೆಯಿರಿ, ಇಡೀ ಅಂಗಡಿಗೆ ಬೀಗ ಹಾಕಬೇಡಿ. ಒಂದೇ ಫೋಟೊ ಮೇಲಿನ ಹತ್ತು ದೂರನ್ನು ಹತ್ತು ಅಪರಾಧ ಅಂತ ಎಣಿಸಬೇಡಿ. ಅಪೀಲು ಫಾರಂನಲ್ಲಿ ‘ಆರೋಪ ಒಪ್ಪುವುದಿಲ್ಲ’ ಅನ್ನಲು ಜಾಗ ಇರಲಿ, ಅದನ್ನು ಕನ್ನಡದಲ್ಲೂ ಬರೆಯಲು ಆಗಲಿ, ಓದಲು ಒಬ್ಬ ಮನುಷ್ಯ ಇರಲಿ. ಗಿರಾಕಿ ಮಾಲು ಪಡೆದು, ವಾಪಸ್ ಮಾಡುವ ಅವಧಿಯೂ ಮುಗಿದಿದ್ದರೆ ಆ ದುಡ್ಡು ನಮ್ಮದು, ಅದನ್ನು ಹಿಡಿಯಬೇಡಿ. ಸುಳ್ಳು ದೂರು ಅಂತ ಗೊತ್ತಾದರೆ ಅವರ ಖಾತೆಗೂ ಅದೇ ಶಿಕ್ಷೆ ಆಗಲಿ.

ಇದು ಜೀನ್ಸಿನವರ ತೊಂದರೆ ಮಾತ್ರ ಅಲ್ಲ. ಸಂಡೂರಿನ ಲಂಬಾಣಿ ಕಸೂತಿ, ಕೊಪ್ಪಳದ ಕಿನ್ನಾಳ ಗೊಂಬೆ ಎರಡಕ್ಕೂ ಜಿಐ (ಇದು ಇದೇ ಊರಿನ ವಿಶೇಷ ಅನ್ನುವ) ಮಾನ್ಯತೆ ಇದೆ. ಅವರ ಮಕ್ಕಳೂ ಈಗ ಮೊಬೈಲಿನಲ್ಲಿ ಫೋಟೊ ತೆಗೆದು ಆನ್‌ಲೈನ್‌ನಲ್ಲಿ ಹಾಕಲು ಶುರುಮಾಡಿದ್ದಾರೆ. ತಲೆಮಾರುಗಳಿಂದ ಗೊಂಬೆಗೆ ಬಣ್ಣ ಹಚ್ಚಿಕೊಂಡು ಬಂದ ಚಿತ್ರಗಾರರ ಮನೆಯವರಿಗೆ ಯಾರೋ ಒಬ್ಬರು ‘ಈ ವಿನ್ಯಾಸ ನನ್ನದು’ ಅಂತ ದೂರು ಹಾಕಿದರೆ, ಇಂಗ್ಲಿಷ್ ಫಾರಂ ಮುಂದೆ ಅವರು ಏನು ಮಾಡುತ್ತಾರೆ? ಜಿಐ ಕಾಯ್ದೆಯಲ್ಲಿ ಕುಶಲಕರ್ಮಿಗಳು ಅಧಿಕೃತ ಬಳಕೆದಾರರು ಅಂತ ಚೆನ್ನೈನ ಜಿಐ ಕಚೇರಿಯಲ್ಲಿ ಹೆಸರು ನೋಂದಾಯಿಸಿಕೊಳ್ಳಬಹುದು. ಆ ಪತ್ರ ಇದ್ದರೆ ಅಪೀಲಿಗೆ ಎಷ್ಟೋ ಬಲ. ಆದರೆ ಅದನ್ನು ಮಾಡಿಸಿಕೊಡುವವರು ಬೇಕಲ್ವಾ.

ಜಿಲ್ಲಾ ಕೈಗಾರಿಕಾ ಕೇಂದ್ರದವರಿಗೆ ನನ್ನ ಮನವಿ ಇದೇ. ಸಾಲ, ಸಬ್ಸಿಡಿಗೆ ಕೌಂಟರ್ ಇಟ್ಟ ಹಾಗೆ ಇದಕ್ಕೂ ಒಂದು ಕೌಂಟರ್ ಇಡಿ. ವಾರಕ್ಕೊಂದು ದಿನ ಸಾಕು. ಟ್ರೇಡ್‌ಮಾರ್ಕ್ ಗೊತ್ತಿರುವ ಒಬ್ಬ ವಕೀಲರು, ಇಂಗ್ಲಿಷಿನಲ್ಲಿ ಅಪೀಲು ಬರೆದುಕೊಡುವ ಒಬ್ಬರು ಕೂತರೆ ಈ ಏಜೆಂಟರ ಕಾಟ ತಪ್ಪುತ್ತದೆ. ‘ಈ ಘಟಕ ಸ್ವಂತ ತಯಾರಿಕೆ ಮಾಡುತ್ತದೆ’ ಅಂತ ಸ್ಥಳ ನೋಡಿ ಒಂದು ಪ್ರಮಾಣಪತ್ರ ಕೊಟ್ಟರೆ ಬಿಲ್ಲಿನ ಜಗಳವೂ ಅರ್ಧ ಕಡಿಮೆ ಆಗುತ್ತದೆ. ದುಡ್ಡಿನ ಕೆಲಸ ಅಲ್ಲ ಇದು, ಮನಸ್ಸಿನ ಕೆಲಸ.

ಘಟಕ ನಡೆಸುವ ಅಣ್ಣಂದಿರು, ಅಕ್ಕಂದಿರಿಗೆ ಒಂದು ಮಾತು. ನಿಮ್ಮ ಲೇಬಲ್ಲಿನ ಹೆಸರನ್ನು ಇವತ್ತೇ ಟ್ರೇಡ್‌ಮಾರ್ಕಿಗೆ ಹಾಕಿ. ಹೊಲಿದ ಸಿದ್ಧ ಉಡುಪಿಗೆ ಅರ್ಜಿಯಲ್ಲಿ 25ನೇ ವರ್ಗ. ಸರ್ಕಾರದ ‘ಉದ್ಯಮ್’ (ಸಣ್ಣ ಉದ್ಯಮಗಳ) ನೋಂದಣಿ ಇರುವ ಸಣ್ಣ ಘಟಕ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿದರೆ ಸರ್ಕಾರಿ ಶುಲ್ಕ ಒಂದು ವರ್ಗಕ್ಕೆ 4,500 ರೂಪಾಯಿ. ಹಾಕುವ ಮೊದಲು ಅದೇ ಹೆಸರು ಬೇರೆಯವರದ್ದು ಇದೆಯಾ ಅಂತ ಟ್ರೇಡ್‌ಮಾರ್ಕ್ ಇಲಾಖೆ ವೆಬ್‌ಸೈಟಿನಲ್ಲಿ ಪುಕ್ಕಟೆ ನೋಡಬಹುದು. ಫೋಟೊಗಳ ಮೂಲ ಫೈಲು ಅಳಿಸಬೇಡಿ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಅಂತ ಕಳಿಸಿದರೆ ತಾರೀಖಿನ ವಿವರ ಅಳಿಸಿಹೋಗುತ್ತದೆ, ಹಾಗಾಗಿ ಮೊಬೈಲಿನಿಂದ ನೇರವಾಗಿ ಕಂಪ್ಯೂಟರಿಗೆ ಹಾಕಿಟ್ಟುಕೊಳ್ಳಿ. ಥಾನಿನ ಬಿಲ್ಲು, ಜಾಬ್ ವರ್ಕ್ ಚಲನ್, ವಾಷಿಂಗ್ ಬಿಲ್ಲು ಮೂರನ್ನೂ ಲಾಟ್ (ಒಂದೇ ಸಲಕ್ಕೆ ತಯಾರಾದ ಮಾಲು) ನಂಬರ್ ಹಾಕಿ ಒಟ್ಟಿಗೆ ಇಡಿ. ಲಿಸ್ಟಿಂಗಿನಲ್ಲೂ ಅದೇ ಲಾಟ್ ಹೆಸರು ಬರುವ ಹಾಗೆ ನೋಡಿಕೊಳ್ಳಿ.

ಹೀಗೆ ಖಾತೆ ಕಳೆದುಕೊಂಡವರು ಬಳ್ಳಾರಿ, ಕೊಪ್ಪಳ, ರಾಯಚೂರಿನಲ್ಲಿ ಬೇರೆಯವರೂ ಇರುತ್ತಾರೆ. ದಯವಿಟ್ಟು ಈ ಅಂಕಣಕ್ಕೆ ಬರೆಯಿರಿ. ಕಂಪನಿಯಿಂದ ಬಂದ ಮೇಲ್, ನೀವು ಕಳಿಸಿದ ಅಪೀಲು, ಹಿಡಿದಿಟ್ಟ ದುಡ್ಡಿನ ಲೆಕ್ಕ, ಇಷ್ಟರ ಪ್ರತಿ ತೆಗೆದಿಟ್ಟುಕೊಳ್ಳಿ. ಎಲ್ಲರದ್ದೂ ಸೇರಿಸಿ ಜಿಲ್ಲಾಧಿಕಾರಿಗಳಿಗೂ ಸಂಸದರಿಗೂ ಒಂದೇ ಮನವಿ ಕೊಡೋಣ. ನಮ್ಮ ಘಟಕದ ಕಾಗದಗಳನ್ನು ನಾನು ಆಗಲೇ ಫೈಲ್ ಮಾಡಿಟ್ಟಿದ್ದೇನೆ.

ಇಂತಿ,
ಜೀನ್ಸ್ ಘಟಕ ನಡೆಸುವ ಒಬ್ಬ ಗೃಹಿಣಿ,
ಕೌಲ್ ಬಜಾರ್, ಬಳ್ಳಾರಿ
(ಹೆಸರು, ವಿಳಾಸ ಪತ್ರಿಕೆಗೆ ತಿಳಿಸಿದ್ದೇನೆ, ಪ್ರಕಟಿಸಬೇಡಿ)